ಗೋಣಿಸೊಪ್ಪಿನ ಸಾಲು

"ನೀನೇ ಹೇಳೇ ರುಯ್‌ಲಾನ್, ಹಲ್ಲು ಬಂದಾಗಿನಿಂದ ತಿಂತಾ ಬಂದಿರೋದನ್ನ ಕಳೆ ಅಂತ ಹೇಗೆ ಅನ್ಲಿ? ಗೋಣಿಸೊಪ್ಪು ಕಳೆಯಂತೆ! ಹಂಗಾದ್ರೆ ನಾನೂ ಒಂದು ಕಳೆನೇ!"

ಗುಯ್‌ಹುವಾ ಚಿಕ್ಕಮ್ಮ ಮೌಸನ್ನು ಮೇಜಿನ ಮೇಲೆ ಕುಕ್ಕಿದ ಸದ್ದಿಗೆ ಮುಂದಿನ ಸಾಲಿನ ನಾಲ್ಕು ತಲೆಗಳು ಒಟ್ಟಿಗೆ ಹಿಂದಕ್ಕೆ ತಿರುಗಿದವು. ಐವತ್ತೆರಡು ವರ್ಷದ ಆ ಹೆಂಗಸಿಗೆ ಸಿಟ್ಟು ಬಂತೆಂದರೆ ಕನ್ನಡಕ ಮೂಗಿನಿಂದ ಹಣೆಗೆ ಏರುತ್ತಿತ್ತು. ಈಗ ಅದು ಹಣೆಯನ್ನೂ ದಾಟಿ ಕೂದಲಿಗೆ ಸಿಕ್ಕಿಕೊಂಡಿತ್ತು.

"ನೀನು ಕಳೆಯೋ ಬೆಳೆಯೋ ಚಿಕ್ಕಪ್ಪನ್ನ ಕೇಳಿ ತೀರ್ಮಾನ ಮಾಡ್ಬೇಕು," ಎಂದಳು ರುಯ್‌ಲಾನ್.

"ಅವರನ್ನ ಕೇಳ್ಬೇಡ. ಮೂವತ್ತು ವರ್ಷದಿಂದ ಕೀಳೋಕೆ ನೋಡ್ತಿದಾರೆ, ಬೇರು ಆಳಕ್ಕೆ ಹೋಗ್ಬಿಟ್ಟಿದೆ."

ಕೊಠಡಿಯೆಲ್ಲ ನಕ್ಕಿತು. ನಕ್ಕ ಮೇಲೂ ಪರದೆ ಮಾತ್ರ ಹಾಗೇ ಇತ್ತು. ಗುಯ್‌ಹುವಾ ಎಳೆದಿದ್ದ ಹಸಿರು ಚೌಕಗಳ ಮೇಲೆಲ್ಲ ಅಡ್ಡಗೆರೆ ಬಿದ್ದಿತ್ತು. ಅವಳೊಬ್ಬಳದಷ್ಟೇ ಅಲ್ಲ, ಮೂವತ್ತಾರು ಕಂಪ್ಯೂಟರಿನಲ್ಲೂ ಬೆಳಿಗ್ಗೆಯಿಂದ ಅದೇ ಗೋಳು. ಕಳೆದ ವಾರ ಕಳಿಸಿದ್ದ ಒಂಬತ್ತು ಸಾವಿರ ಚಿತ್ರಗಳಲ್ಲಿ ಎರಡು ಸಾವಿರದ ನೂರು ತಿರುಗಿ ಬಂದಿದ್ದವು.

ನಮ್ಮ ಹಳದಿ ಮಣ್ಣಿನ ಗುಡ್ಡಗಳ ನಡುವಿನ ಈ ಸಣ್ಣ ಪೇಟೆಯಲ್ಲಿ ಪ್ರೌಢಶಾಲೆಗೆ ಮಕ್ಕಳು ಸಾಲದೆ ಬೀಗ ಬಿದ್ದಿತ್ತು. ಮೂರು ವರ್ಷದ ಹಿಂದೆ ಆ ಬೀಗ ತೆಗೆದು, ಎರಡು ಕೊಠಡಿಗೆ ಸುಣ್ಣ ಬಳಿದು, ಕಂಪ್ಯೂಟರುಗಳನ್ನು ತಂದು ಕೂರಿಸಿದರು. ಕೂತವರು ಬಹುಪಾಲು ಹೆಂಗಸರು. ಫ್ಯಾಕ್ಟರಿಗಳಿಂದ ವಾಪಸು ಬಂದವರು, ಮಕ್ಕಳ ಓದಿಗಾಗಿ ಊರಲ್ಲಿ ಉಳಿದವರು, ಗುಯ್‌ಹುವಾಳ ಹಾಗೆ ಎಲ್ಲಿಗೂ ಹೋಗದೇ ಇದ್ದವರು. ಕೆಲಸ ಏನೆಂದರೆ ಯಂತ್ರಕ್ಕೆ ಕಣ್ಣು ಕಲಿಸುವುದು. ಚಿತ್ರ ಬರುತ್ತದೆ, ಅದರಲ್ಲಿರುವುದರ ಸುತ್ತ ಚೌಕ ಎಳೆದು ಇದು ಇಂಥದ್ದು ಎಂದು ಗುರುತು ಹಾಕಬೇಕು. ಮೊದಲ ವರ್ಷ ರಸ್ತೆಯ ಚಿತ್ರಗಳು ಬಂದವು. ಕೊಟ್ಟ ಪಟ್ಟಿಯಲ್ಲಿ ಕತ್ತೆಯ ಹೆಸರಿರಲಿಲ್ಲವೆಂದು ಗುಯ್‌ಹುವಾ ಕತ್ತೆಗೆ ‘ಇತರೆ ವಾಹನ’ ಎಂದು ಗುರುತು ಹಾಕಿ ಮೂರು ದಿನ ಊರಿಗೆಲ್ಲ ನಗೆಪಾಟಲಾಗಿದ್ದಳು. ಈ ವರ್ಷ ಹೊಲದ ಚಿತ್ರಗಳು. ದೂರದ ಬಯಲುಸೀಮೆಯ ದೊಡ್ಡ ತರಕಾರಿ ತೋಟವೊಂದರಲ್ಲಿ ಕಳೆ ಕೀಳುವ ಯಂತ್ರ ಓಡಾಡಬೇಕು, ಯಾವುದು ಬೆಳೆ ಯಾವುದು ಕಳೆ ಎಂದು ಅದಕ್ಕೆ ಗೊತ್ತಾಗಬೇಕು. ಬೆಳೆಗೆ ಹಸಿರು ಚೌಕ, ಕಳೆಗೆ ಕೆಂಪು.

ಇಲ್ಲಿ ಎಳೆದ ಚೌಕಗಳನ್ನು ಹಾಂಗ್‌ಝೌ ನಗರದಲ್ಲಿ ಕೂತ ಒಬ್ಬರು ನೋಡಿ ಸರಿ, ತಪ್ಪು ಎನ್ನುತ್ತಾರೆ. ಹೆಂಗಸರು ಅವರನ್ನು ತಿದ್ದೋರು ಎನ್ನುತ್ತಿದ್ದರು. ಇಲ್ಲಿನವರಿಗೆ ಚೌಕಕ್ಕೆ ಇಷ್ಟು ಎಂದು ಕೂಲಿ. ತಿದ್ದೋರಿಗೆ ತಿಂಗಳ ಸಂಬಳ, ಅದೂ ಇಲ್ಲಿ ಚುರುಕಾಗಿ ಎಳೆಯುವವಳ ಕೂಲಿಯ ಮೂರರಷ್ಟು. ಚಿತ್ರ ಒಂದೇ, ಪರದೆ ಒಂದೇ, ನೋಡುವ ಕಣ್ಣೂ ಎರಡೆರಡೇ.

ರುಯ್‌ಲಾನ್ ಆ ತಿದ್ದೋ ಕುರ್ಚಿಯನ್ನು ಎರಡು ಸಲ ಕೇಳಿದ್ದಳು. ಎರಡು ಸಲವೂ ಒಂದೇ ಸಾಲಿನ ಉತ್ತರ ಬಂದಿತ್ತು: ಆ ಹುದ್ದೆ ನಗರದ ಕಚೇರಿಯಲ್ಲಿ ಮಾತ್ರ. ಅವಳೇನೂ ನಗರ ನೋಡದವಳಲ್ಲ. ದಕ್ಷಿಣದ ಫ್ಯಾಕ್ಟರಿಯಲ್ಲಿ ಹನ್ನೊಂದು ವರ್ಷ ಕಿವಿಗೆ ಹಾಕುವ ಫೋನು ಜೋಡಿಸಿದ್ದಳು. ಮಗಳು ಮಿಡ್ಲ್ ಸ್ಕೂಲಿಗೆ ಬಂದಾಗ ಗಂಟುಮೂಟೆ ಕಟ್ಟಿಕೊಂಡು ಊರಿಗೆ ಬಂದವಳು ಮತ್ತೆ ಹೋಗುವುದಿಲ್ಲ ಎಂದು ಗಂಡನಿಗೂ ಹೇಳಿಬಿಟ್ಟಿದ್ದಳು. ಹೋಗದೆಯೇ ಆ ಕುರ್ಚಿ ಬೇಕು, ಅದೇ ಸಂಬಳಕ್ಕೆ ಬೇಕು. ಮೂರನೆಯ ಅರ್ಜಿಯನ್ನು ಈ ತಿಂಗಳೇ ಹಾಕಬೇಕೆಂದಿದ್ದಳು. ಅಷ್ಟರಲ್ಲಿ ಎರಡು ಸಾವಿರದ ನೂರು ಅಡ್ಡಗೆರೆ. ಇಷ್ಟು ತಪ್ಪು ಮಾಡಿದ ಊರಿಗೆ ತಿದ್ದುವ ಕೆಲಸ ಯಾರು ಕೊಡುತ್ತಾರೆ?

ಬಾಗಿಲಲ್ಲಿ ಮ್ಯಾನೇಜರ್ ತುವೊ ಕಾಣಿಸಿಕೊಂಡ. ಕೈಯಲ್ಲಿ ಯಾವಾಗಿನ ಹಾಗೆ ಟೀ ಬಾಟಲಿ, ಮುಖ ಮಾತ್ರ ಯಾವಾಗಿನ ಹಾಗಿರಲಿಲ್ಲ.

"ಎಲ್ಲಾರೂ ಕೇಳಿ. ಶುಕ್ರವಾರದ ಒಳಗೆ ತಿದ್ದಿ ಕಳಿಸ್ಬೇಕು. ಗೋಣಿಸೊಪ್ಪು ಕಂಡಲ್ಲೆಲ್ಲ ಕೆಂಪು. ಯೋಚನೆ ಮಾಡ್ಬೇಡಿ, ಎಳೀರಿ. ಎರಡನೇ ಸಲಾನೂ ವಾಪಸ್ ಬಂದ್ರೆ ಈ ಕೆಲಸ ಪಕ್ಕದ ಜಿಲ್ಲೆಗೆ ಹೋಗುತ್ತೆ."

"ತುವೊಣ್ಣ, ನಿಮ್ಮಮ್ಮ ಗೋಣಿಸೊಪ್ಪಿಗೆ ಹಿಟ್ಟು ಕಲಸಿ ಬೇಯಿಸಿ, ಮೇಲೆ ಬೆಳ್ಳುಳ್ಳಿ ಹುಳಿ ಹಾಕಿ ಕೊಟ್ಟಾಗ ಕಳೆ ಅಂತ ತಟ್ಟೆ ತಳ್ತಿದ್ರಾ?" ಗುಯ್‌ಹುವಾ ಬಿಡಲಿಲ್ಲ.

"ತಳ್ತಿರ್ಲಿಲ್ಲ ಚಿಕ್ಕಮ್ಮ. ಆದ್ರೆ ನಮ್ಮಮ್ಮ ಚೌಕಕ್ಕೆ ದುಡ್ಡು ಕೊಡ್ತಿರ್ಲಿಲ್ವಲ್ಲ."

"ತುವೊಣ್ಣ," ಎಂದಳು ರುಯ್‌ಲಾನ್, "ಮಧ್ಯಾಹ್ನದ ತನಕ ಯಾರೂ ಏನೂ ತಿದ್ದೋದು ಬೇಡ. ವಾಪಸ್ ಬಂದಿರೋದನ್ನ ಒಂದು ಸಲ ಪೂರ್ತಿ ನೋಡ್ತೀನಿ."

"ನೋಡೋಕೇನಿದೆ? ಅವರು ತಪ್ಪು ಅಂದಿದಾರೆ."

"ಅವರು ಅಂದಿದಾರೆ, ಅದು ಗೊತ್ತು. ಗಿಡ ಏನನ್ನುತ್ತೆ ನೋಡ್ತೀನಿ."

ತುವೊ ಬಾಟಲಿಯ ಮುಚ್ಚಳ ತಿರುಗಿಸಿ ಮತ್ತೆ ತಿರುಗಿಸಿ ಕೊನೆಗೆ, "ಎರಡು ಗಂಟೆ, ಅಷ್ಟೇ," ಎಂದು ಹೋದ. ಅವನು ಕೆಟ್ಟವನಲ್ಲ. ಮೂವತ್ತಾರು ಕುರ್ಚಿ ಖಾಲಿಯಾದರೆ ಮೂವತ್ತಾರು ಮನೆಯ ಬಾಗಿಲಲ್ಲಿ ನಿಂತು ಉತ್ತರ ಹೇಳಬೇಕಾದವನು ಅವನೇ.

ರುಯ್‌ಲಾನ್ ತಿರುಗಿ ಬಂದ ಚಿತ್ರಗಳನ್ನು ಒಂದೊಂದಾಗಿ ತೆರೆದಳು. ಮೊದಲ ನೂರು ನೋಡುವಷ್ಟರಲ್ಲಿ ಅವಳ ಜೋರು ಸ್ವಲ್ಪ ಇಳಿಯಿತು. ಮೆಣಸಿನಕಾಯಿ ಗಿಡದ ಸಂದಿಯಲ್ಲಿ ಅಲ್ಲೊಂದು ಇಲ್ಲೊಂದು ಗೋಣಿಸೊಪ್ಪು ಎದ್ದಿತ್ತು. ಒಂದು ಅಂಗೈಯಷ್ಟು, ಇನ್ನೊಂದು ಉಗುರಿನಷ್ಟು. ಅದರ ಸುತ್ತ ಗುಯ್‌ಹುವಾಳ ಹಸಿರು ಚೌಕ ಹೆಮ್ಮೆಯಿಂದ ಕೂತಿತ್ತು.

"ಚಿಕ್ಕಮ್ಮ, ಇಲ್ಲಿ ಬಾ. ಇದನ್ನ ಯಾರಾದ್ರೂ ಬಿತ್ತಿದಾರಾ?"

ಗುಯ್‌ಹುವಾ ಕೂದಲಿನಿಂದ ಕನ್ನಡಕ ಬಿಡಿಸಿಕೊಂಡು ಬಗ್ಗಿ ನೋಡಿದಳು. "ಬಿತ್ತಿಲ್ಲ. ತಾನಾಗೇ ಎದ್ದಿದೆ."

"ಮೆಣಸಿನ ಗೊಬ್ಬರ ತಾನು ತಿಂತಿದೆ. ನಿನ್ನ ಹೊಲದಲ್ಲಿದ್ರೆ ಏನ್ಮಾಡ್ತಿದ್ದೆ?"

"ಕೀಳ್ತಿದ್ದೆ."

"ಮತ್ತೆ ಹಸಿರು?"

"ಅಯ್ಯೋ, ಕಿತ್ತು ಮಡಿಲಿಗೆ ಹಾಕ್ಕೊಂಡು ಮನೆಗೆ ತರ್ತಿದ್ದೆ ಕಣೇ! ಬದುವಿಗೆ ಎಸೀತಿದ್ನಾ? ಎಸೆಯೋದಾದ್ರೆ ತಾನೇ ಕಳೆ!"

ರುಯ್‌ಲಾನ್ ಕುರ್ಚಿಗೆ ಒರಗಿದಳು. ನಗು ಬಂತು, ಅದರ ಹಿಂದೆಯೇ ಪೆಚ್ಚೂ ಆಯಿತು. ಬೇರೆ ಯಾರೂ ಮಾಡಲಾರದ ತಪ್ಪು ಇದು. ಬರಗಾಲದ ವರ್ಷಗಳ ಕಥೆ ಕೇಳುತ್ತಾ ಬೆಳೆದ ಈ ಗುಡ್ಡದ ಹೆಂಗಸರು, ಬಾಯಿಗೆ ಹೋಗುವ ಯಾವುದನ್ನೂ ಕಳೆ ಎನ್ನಲಾರರು. ಅವಳೂ ಅಂಥ ಎಷ್ಟೋ ಚೌಕ ಎಳೆದಿದ್ದಳು, ಎರಡನೆಯ ಸಲ ಯೋಚಿಸದೆ. ಯಂತ್ರಕ್ಕೇನು ಮಡಿಲಿದೆಯೇ? ಅದು ಕೀಳುತ್ತದೆ ಇಲ್ಲವೇ ಬಿಡುತ್ತದೆ.

ಮುಂದಿನದು ತೆರೆದಳು, ಅದರ ಮುಂದಿನದು. ಆರುನೂರು ದಾಟಿದ ಮೇಲೆ ಚಿತ್ರಗಳ ಬಣ್ಣವೇ ಬೇರೆಯಾಯಿತು. ಇಲ್ಲಿ ಮೆಣಸಿನ ಗಿಡವಿಲ್ಲ. ನೆಲದ ಮೇಲೆ ನೀರಿನ ಕಪ್ಪು ಕೊಳವೆ ಎಳೆದಿದ್ದರು. ಕೊಳವೆಯ ಎರಡು ಪಕ್ಕಕ್ಕೂ ಗೋಣಿಸೊಪ್ಪು, ಗೇಣಿಗೊಂದರಂತೆ, ಅಕ್ಕತಂಗಿಯರ ಹಾಗೆ ಒಂದೇ ವಯಸ್ಸಿನದು. ಅವಳು ಚಿತ್ರವನ್ನು ದೊಡ್ಡದು ಮಾಡಿದಳು. ಕೆಲವು ಗಿಡಗಳ ತುದಿಯನ್ನು ಸಮನಾಗಿ ಕತ್ತರಿಸಿದ್ದರು, ಆ ಕತ್ತರಿಸಿದ ಕಡೆಯಿಂದ ಜೋಡಿ ಚಿಗುರು ಒಡೆದಿತ್ತು. ಹುಳ ತಿಂದರೆ ಹೀಗಿರುವುದಿಲ್ಲ, ಮೇಕೆ ಮೇಯ್ದರೂ ಹೀಗಿರುವುದಿಲ್ಲ. ಇದು ಕುಡುಗೋಲು ಆಡಿದ ಗುರುತು. ಯಾರೋ ಇದನ್ನು ಬಿತ್ತಿ, ನೀರು ಬಿಟ್ಟು, ಕೊಯ್ದು ಮಾರುತ್ತಿದ್ದಾರೆ. ಹಾಂಗ್‌ಝೌನವರು ಇದರ ಮೇಲೂ ಅಡ್ಡಗೆರೆ ಹಾಕಿ ಕಳೆ ಎಂದಿದ್ದರು.

ಈ ಪಾಠ ಕಲಿತು ಯಂತ್ರ ಹೊಲಕ್ಕಿಳಿದರೆ ಆ ರೈತನ ಇಡೀ ಪಾತಿಯನ್ನು ಒಂದೇ ಬೆಳಿಗ್ಗೆಗೆ ಬೋಳಿಸಿ ಹಾಕುತ್ತದೆ.

ಎರಡು ಗಂಟೆಯ ಬದಲು ನಾಲ್ಕು ಗಂಟೆ ಹಿಡಿಯಿತು. ಕೊನೆಗೆ ಲೆಕ್ಕ ಸಿಕ್ಕಿತು. ಒಂಬೈನೂರು ಚಿತ್ರ ನಮ್ಮ ತಪ್ಪು, ಸಾವಿರದ ಇನ್ನೂರು ಅವರದು. ಅವಳು ತುವೊನ ಕೋಣೆಗೆ ಹೋಗಿ ಎರಡನ್ನೂ ತೋರಿಸಿದಳು.

"ಅವರ ತಪ್ಪು ಮಾತ್ರ ಹೇಳೋಣ," ಎಂದ ತುವೊ. "ನಮ್ಮದನ್ನ ಸುಮ್ನೆ ತಿದ್ದಿಬಿಡೋಣ. ನಾವಾಗೇ ಒಪ್ಕೊಂಡ್ರೆ ಕುತ್ತಿಗೆ ಮೇಲೆ ಕೂರ್ತಾರೆ."

"ಇಲ್ಲ ತುವೊಣ್ಣ. ನಮ್ಮದನ್ನೇ ಮೊದಲು ಹೇಳ್ತೀನಿ. ತನ್ನ ತಪ್ಪು ಕಾಣೋಳಿಗೆ ಮಾತ್ರ ಇನ್ನೊಬ್ಬರದು ತೋರ್ಸೋ ಧೈರ್ಯ ಇರುತ್ತೆ. ನಾನು ಕೇಳ್ತಿರೋದು ತಿದ್ದೋ ಕುರ್ಚೀನ."

"ಇನ್ನೂ ಅದೇ ಹಟಾನಾ? ಇರೋದು ಉಳಿಯೋದೇ ಕಷ್ಟವಾಗಿರುವಾಗ?"

"ಇರೋದನ್ನ ಉಳಿಸ್ಕೊಳ್ಳೋಕೇ ಕೇಳ್ತಿದೀನಿ. ಫೋನ್ ಹಚ್ಚಿ."

ಹಾಂಗ್‌ಝೌನ ತಿದ್ದೋನ ಹೆಸರು ಶೆನ್. ಇಪ್ಪತ್ತನಾಲ್ಕು ವರ್ಷ. ಊರಿನ ಹೆಂಗಸರೆಲ್ಲ ಅವನನ್ನು ಮರ್ಯಾದೆಯಿಂದ ಮೇಷ್ಟ್ರೇ ಎನ್ನುತ್ತಿದ್ದರು. ಅವನಿಗಿಂತ ದೊಡ್ಡ ಮಕ್ಕಳಿದ್ದ ಗುಯ್‌ಹುವಾ ಕೂಡ. ವಿಡಿಯೊದಲ್ಲಿ ಬಂದ ಮುಖ ನಿದ್ದೆಗೆಟ್ಟು ಬಿಳಿಚಿಕೊಂಡಿತ್ತು.

"ರುಯ್‌ಲಾನಕ್ಕ, ನಿಯಮದಲ್ಲಿ ಸ್ಪಷ್ಟವಾಗಿದೆ. ಹದಿನೇಳನೇ ಪುಟ. ಗೋಣಿಸೊಪ್ಪಿನ ಫೋಟೊ ಹಾಕಿ ಕಳೆ ಅಂತ ಬರ್ದಿದೆ. ನಾನು ನಿಯಮ ನೋಡಿ ಹೇಳ್ತೀನಿ, ಅಷ್ಟೇ."

"ಸರಿ ಮೇಷ್ಟ್ರೇ. ಮೊದಲು ಒಂಬೈನೂರು ಚಿತ್ರದ್ದು ನಮ್ಮ ತಪ್ಪು. ಮೆಣಸಿನ ಮಧ್ಯೆ ಇರೋದು ಕಳೆನೇ, ತಿನ್ನೋಕೆ ಬಂದ್ರೂ ಕಳೆ. ಇವತ್ತೇ ತಿದ್ದಿ ಕಳಿಸ್ತೀವಿ."

ಶೆನ್‌ಗೆ ಇದರ ನಿರೀಕ್ಷೆಯಿರಲಿಲ್ಲ. "ಓ... ಥ್ಯಾಂಕ್ಸ್ ಅಕ್ಕ. ಹಾಗಾದ್ರೆ ಉಳಿದದ್ದು?"

"ಉಳಿದದ್ರಲ್ಲಿ ನಾಲ್ಕು ಸಾವಿರದ ಹನ್ನೆರಡನೇ ಚಿತ್ರ ತೆಗೀರಿ. ತೆಗೆದ್ರಾ? ಆ ಗಿಡ ಹೇಗೆ ನಿಂತಿದೆ?"

"ಹೇಗೆ ಅಂದ್ರೆ... ಹಸಿರಾಗಿದೆ."

ಬಾಗಿಲ ಸಂದಿಯಲ್ಲಿ ಕಿವಿಯಾನಿಸಿ ನಿಂತಿದ್ದ ಗುಯ್‌ಹುವಾಗೆ ತಡೆಯಲಾಗಲಿಲ್ಲ. "ಮೇಷ್ಟ್ರೇ, ಜಗತ್ತಲ್ಲಿ ನೀಲಿ ಸೊಪ್ಪು ಏನಾದ್ರೂ ಇದೆಯಾ?"

"ಸುಮ್ನಿರು ಚಿಕ್ಕಮ್ಮ. ಮೇಷ್ಟ್ರೇ, ಎಲೆ ನೋಡ್ಬೇಡಿ, ಸಾಲು ನೋಡಿ. ಕಳೆ ಯಾವತ್ತಾದ್ರೂ ಗೇಣು ಅಳತೆ ಹಿಡಿದು ಹುಟ್ಟುತ್ತಾ? ಕೊಳವೆ ಪಕ್ಕ ಬಂದು ಸರತಿ ನಿಲ್ಲುತ್ತಾ?"

ಶೆನ್‌ನ ಮೂಗು ಪರದೆಗೆ ಹತ್ತಿರವಾಯಿತು. "ಸಾಲಾಗಿದೆ," ಎಂದ, ನಿಧಾನಕ್ಕೆ.

"ತುದಿ ನೋಡಿ. ಕೊಯ್ದಿದಾರೆ."

"ಹೌದಲ್ಲಾ... ಅಕ್ಕ, ನಿಜ ಹೇಳ್ಲಾ? ಗಿಡವಾಗಿ ನಾನು ಇದನ್ನ ನೋಡೇ ಇಲ್ಲ. ತಣ್ಣನೆ ಪಲ್ಯ ಅಂತ ಹೋಟೆಲಿಂದ ತರ್ಸಿ ತಿಂದಿದೀನಿ. ಒಂದು ಸಣ್ಣ ಬಟ್ಟಲಿಗೆ ಮೂವತ್ತೆಂಟು ಯುವಾನ್ ಹಾಕಿದ್ರು."

ಗುಯ್‌ಹುವಾ ಎದೆ ಹಿಡಿದುಕೊಂಡಳು. "ಮೂವತ್ತೆಂಟು! ನಮ್ಮ ಬೇಲಿ ಪಕ್ಕ ಒಂದು ಬಂಗ್ಲೆ ಕಟ್ಟೋಷ್ಟು ದುಡ್ಡು ಬಿದ್ದಿದೆ ಹಾಗಾದ್ರೆ!"

"ಮೇಷ್ಟ್ರೇ," ಎಂದಳು ರುಯ್‌ಲಾನ್, "ನಿಮ್ಮ ಮೇಲಿನವರ ಹತ್ರ ನಾನು ಮಾತಾಡ್ಬೇಕು."

ಶೆನ್ ಹೆದರಿದ. ಅದು ಮುಖದಲ್ಲೇ ಕಂಡಿತು. "ಅಕ್ಕ, ಕಂಪ್ಲೇಂಟಾ? ಈ ಕುರ್ಚಿಗೆ ಬಂದು ಎಂಟು ತಿಂಗಳಾಗಿದೆ ಅಷ್ಟೇ. ಬಾಡಿಗೆಗೇ ಅರ್ಧ ಸಂಬಳ ಹೋಗುತ್ತೆ."

"ನಿಮ್ಮ ಕುರ್ಚಿ ನಂಗೆ ಬೇಡಪ್ಪಾ. ಅಂಥದ್ದೇ ಇನ್ನೊಂದನ್ನ ಇಲ್ಲಿ ಹಾಕ್ಸೋಕೆ ನಿಮ್ಮ ಬಾಯಿ ಬೇಕು. ನೀವು ನೋಡಿದ್ದನ್ನ ನೀವೇ ಹೇಳಿ, ನಾನು ಹೇಳಿದ್ರೆ ಹಳ್ಳಿಯೋಳ ತಕರಾರಾಗುತ್ತೆ."

ಅವನು ಹೇಳಿದ. ಅದನ್ನು ಅವನ ಲೆಕ್ಕಕ್ಕೆ ಬರೆಯಲೇಬೇಕು. ಮರುದಿನ ಬೆಳಿಗ್ಗೆ ಒಂಬತ್ತಕ್ಕೆ ಅವನ ಮೇಲಧಿಕಾರಿ ತಾಂಗ್ ಮೇಡಂ ತಾವೇ ಕರೆ ಮಾಡಿದರು. ಕತ್ತರಿಸಿದ ಕೂದಲು, ಕತ್ತರಿಸಿದ ಮಾತು.

"ರುಯ್‌ಲಾನ್ ಅವರೇ, ನೀವು ಹೇಳೋದು ಸರಿಯಿರಬಹುದು. ಆದರೆ ‘ಇರಬಹುದು’ ಇಟ್ಟುಕೊಂಡು ನಿಯಮ ಬದಲಾಯಿಸೋಕಾಗಲ್ಲ. ಎಲ್ಲೆಲ್ಲಿ ಏನು ಬಿತ್ತಿದ್ದರು ಅಂತ ತೋಟದವರನ್ನ ಕೇಳ್ತೀನಿ. ಅವರ ಉತ್ತರ ಬರೋ ಮೊದಲು ಮುನ್ನೂರು ಹೊಸ ಚಿತ್ರ ಕಳಿಸ್ತೀನಿ. ನೀವೂ ನೋಡಿ, ಶೆನ್ ಕೂಡ ನೋಡಲಿ. ನಾಳೆ ಬೆಳಿಗ್ಗೆ, ಒಂದೇ ಹೊತ್ತಿಗೆ."

"ಆಗ್ಲಿ ಮೇಡಂ. ನಾನು ಗೆದ್ರೆ?"

"ಗೆದ್ದರೆ ಹೊಲದ ಚಿತ್ರಗಳನ್ನ ನಿಮ್ಮಲ್ಲೇ ತಿದ್ದೋ ವ್ಯವಸ್ಥೆ ಬಗ್ಗೆ ಯೋಚನೆ ಮಾಡೋಣ."

"ಯೋಚನೆ ನಾನು ಎರಡು ವರ್ಷದಿಂದ ಮಾಡಿ ಇಟ್ಟಿದೀನಿ ಮೇಡಂ. ನೀವು ಹೂಂ ಅಂದ್ರೆ ಸಾಕು."

ತಾಂಗ್ ಮೇಡಂ ಹೂಂ ಅನ್ನಲಿಲ್ಲ, ಆದರೆ ತುಟಿಯ ಒಂದು ಮೂಲೆ ಮೇಲಕ್ಕೆ ಹೋಯಿತು.

ಬುಧವಾರ ಮುನ್ನೂರು ಚಿತ್ರಗಳು ಬಂದವು. ಉಳಿದ ಮೂವತ್ತೈದು ಮಂದಿ ತಮ್ಮ ತಮ್ಮ ಚೌಕ ಬಿಟ್ಟು ರುಯ್‌ಲಾನಳ ಬೆನ್ನ ಹಿಂದೆ ನಿಂತರು. ತುವೊ ಬಂದು ಎಲ್ಲರನ್ನೂ ಹೊರಗೆ ಅಟ್ಟಿದ, ತಾನು ಮಾತ್ರ ಒಳಗೆ ಉಳಿದು ಆ ಮೂಲೆಯಿಂದ ಈ ಮೂಲೆಗೆ ನಡೆಯತೊಡಗಿದ. ಕಡೆಗೆ ಅವನನ್ನೂ ರುಯ್‌ಲಾನ್ ಹೊರಗೆ ಕಳಿಸಿದಳು.

ಒಬ್ಬಳೇ ಕೂತಾಗ ಅವಳಿಗೆ ಹೆದರಿಕೆಯಾಗಲಿಲ್ಲ. ಪರದೆಯ ಮೇಲೆ ಹೊಲ ಬಂದಾಗ ಅವಳು ಎಲೆಯಿಂದ ಶುರುಮಾಡಲಿಲ್ಲ. ಮೊದಲು ಮಣ್ಣು ನೋಡಿದಳು, ಗುದ್ದಲಿ ಯಾವ ಕಡೆಯಿಂದ ಬಂದಿದೆ ನೋಡಿದಳು, ನೀರು ಎಲ್ಲಿಗೆ ಬಿಟ್ಟಿದ್ದಾರೆ ನೋಡಿದಳು. ನೀರು ಬಿಟ್ಟವನ ಮನಸ್ಸು ತಿಳಿದರೆ ಅವನಿಗೆ ಯಾವ ಗಿಡ ಬೇಕಿತ್ತು ಎಂಬುದೂ ತಿಳಿಯುತ್ತದೆ. ಕೆಲವು ಚಿತ್ರ ಕಷ್ಟದ್ದಾಗಿದ್ದವು. ಬಿತ್ತಿದ ದಂಟಿನ ಪಾತಿಯೊಳಗೇ ತಾನಾಗಿ ಎದ್ದ ದಂಟು, ಮಳೆಗೆ ಕೊಚ್ಚಿ ಸೊಟ್ಟಗಾದ ಸಾಲು. ಅಂಥ ಕಡೆ ಕುರ್ಚಿಯಿಂದೆದ್ದು ಎರಡು ಹೆಜ್ಜೆ ಹಿಂದೆ ನಿಂತು, ಬದುವಿನ ಮೇಲೆ ನಿಂತಂತೆ ನೋಡಿದಳು. ಹನ್ನೊಂದೂವರೆಗೆ ಕಳಿಸಿ, ಹೊರಗೆ ಬಂದು, ಯಾರ ಪ್ರಶ್ನೆಗೂ ಉತ್ತರಿಸದೆ ನೇರ ಊಟಕ್ಕೆ ಹೋದಳು. ಆಲೂಗಡ್ಡೆ ತುರಿದು ಹಬೆಯಲ್ಲಿ ಬೇಯಿಸಿದ್ದನ್ನು ಎರಡು ಬಟ್ಟಲು ತಿಂದಳು.

ಗುರುವಾರ ಮಧ್ಯಾಹ್ನ ಮೊದಲು ಫೋನು ಮಾಡಿದವನು ಶೆನ್.

"ಅಕ್ಕ, ತೋಟದವರ ಉತ್ತರ ಬಂತು. ನಿಮ್ಮದು ಮುನ್ನೂರರಲ್ಲಿ ಒಂಬತ್ತು ತಪ್ಪು."

"ಒಂಬತ್ತಾ! ಆ ಸೊಟ್ಟ ಸಾಲಿಂದೇ ಇರ್ಬೇಕು. ನಿಮ್ಮದು?"

"ತೊಂಬತ್ತಾರು." ಅವನು ನಕ್ಕ, ಪೆಚ್ಚಾಗಿ, ಆದರೆ ನಕ್ಕ. "ಸಾಲು ನೋಡಿ ಅಂತ ನೀವು ಹೇಳಿಕೊಡದೇ ಇದ್ದಿದ್ರೆ ಇನ್ನೂ ನೂರು ಆಗ್ತಿತ್ತು. ಅದನ್ನೂ ಮೇಡಂಗೆ ಹೇಳಿದೀನಿ."

ಆ ಸುದ್ದಿ ಕೊಠಡಿಗೆ ಹೋಗಿ, ಕೊಠಡಿಯಿಂದ ಪೇಟೆಗೆ ಹೋಗಿ, ಪೇಟೆಯಿಂದ ರುಯ್‌ಲಾನಳ ಗಂಡನ ಫೋನಿಗೆ ಹೋಗಲು ಕಾಲು ಗಂಟೆ ಸಾಕಾಯಿತು. ಅವನು ಷಿಯಾನ್ ನಗರದಲ್ಲಿ ಕ್ರೇನು ಓಡಿಸುತ್ತಿದ್ದ. "ಮೇಲೆ ಕೂತು ನಾನು ಕೆಳಗಿನವರನ್ನ ನೋಡ್ತೀನಿ ಅಂದ್ಕೊಂಡಿದ್ದೆ, ನೀನು ಅಲ್ಲೇ ಕೂತು ಹಾಂಗ್‌ಝೌನೇ ನೋಡ್ತಿದೀಯಲ್ಲೇ," ಎಂದು ಸಂದೇಶ ಕಳಿಸಿದ.

ಆದರೆ ಕುರ್ಚಿ ಇನ್ನೂ ಬಂದಿರಲಿಲ್ಲ. ಶುಕ್ರವಾರ ತಾಂಗ್ ಮೇಡಂ ಕರೆ ಬಂದಾಗ ಮೊದಲ ಮಾತು ಒಳ್ಳೆಯದೇ ಇತ್ತು. ಹದಿನೇಳನೇ ಪುಟ ಬದಲಾಗುತ್ತದೆ. ಸಾಲು ನೋಡುವ ನಿಯಮವನ್ನು ರುಯ್‌ಲಾನಳೇ ಬರೆಯಬೇಕು. ಹೊಲದ ಚಿತ್ರಗಳ ಪರಿಶೀಲನೆ ಇನ್ನು ಇಲ್ಲಿಂದಲೇ.

"ಸಂಬಳ ಅಲ್ಲಿನ ದರದ ಪ್ರಕಾರ," ಎಂದರು ಮೇಡಂ. "ಹಾಂಗ್‌ಝೌದ ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ನಿಮ್ಮ ಕಡೆ ಅದು ತುಂಬಾ ಒಳ್ಳೆ ಸಂಬಳ."

ತುವೊ ಮೇಜಿನ ಕೆಳಗೆ ರುಯ್‌ಲಾನಳ ಕಾಲು ತುಳಿದ. ಹೂಂ ಅನ್ನು ಎಂದು ಅದರ ಅರ್ಥ. ಅವಳು ಕಾಲು ಎಳೆದುಕೊಂಡಳು.

"ಮೇಡಂ, ಆ ತೋಟದವರಿಗೆ ನೀವು ಚಿತ್ರಕ್ಕೆ ಇಷ್ಟು ಅಂತ ಬಿಲ್ ಮಾಡ್ತೀರಲ್ವಾ? ನಾನು ತಿದ್ದಿದ ಚಿತ್ರ ಅರ್ಧ ಬೆಲೆಗೆ ಮಾರ್ತೀರಾ?"

"ಅದು ಬೇರೆ ವಿಷಯ. ನಗರದಲ್ಲಿ ಬದುಕೋ ಖರ್ಚು ಬೇರೆ."

"ಖರ್ಚಿನ ಮಾತು ಬಂದ್ರೆ ಕೇಳಿ. ನಿಮ್ಮಲ್ಲಿ ಬಾಡಿಗೆ ಜಾಸ್ತಿ, ಒಪ್ತೀನಿ. ಇಲ್ಲಿ ನನ್ನ ಮಗಳು ಶಾಲೆಗೆ ಅರವತ್ತು ಕಿಲೋಮೀಟರ್ ಹೋಗಿ ಹಾಸ್ಟೆಲಲ್ಲಿ ಇರ್ತಾಳೆ. ನಮ್ಮತ್ತೆಗೆ ಹಲ್ಲು ನೋವು ಬಂದ್ರೆ ಒಂದು ದಿನದ ಕೂಲಿ ಬಿಟ್ಟು ಜಿಲ್ಲಾಸ್ಪತ್ರೆಗೆ ಹೋಗ್ಬೇಕು. ಗಂಡ ಸಂಪಾದನೆಗೆ ಅಂತ ಊರೇ ಬಿಟ್ಟಿದಾನೆ. ಇದನ್ನೆಲ್ಲ ಅಗ್ಗ ಅಂತ ಯಾರು ಲೆಕ್ಕ ಹಾಕಿದ್ರೋ ಗೊತ್ತಿಲ್ಲ. ಆದ್ರೆ ನಾನು ಖರ್ಚು ತೋರ್ಸಿ ಸಂಬಳ ಕೇಳ್ತಿಲ್ಲ ಮೇಡಂ. ನೋಡಿದ್ದಕ್ಕೆ ಕೇಳ್ತಿದೀನಿ. ಆ ಯಂತ್ರಕ್ಕೆ, ತನ್ನನ್ನ ತಿದ್ದಿದ ಕಣ್ಣು ಯಾವ ಊರಲ್ಲಿ ಎಷ್ಟನೇ ಮಹಡೀಲಿ ಕೂತಿತ್ತು ಅಂತ ಗೊತ್ತಾಗುತ್ತಾ?"

ತಾಂಗ್ ಮೇಡಂ ಕೀಬೋರ್ಡಿನಿಂದ ಕೈ ತೆಗೆದು ಪರದೆಯತ್ತ ಬಗ್ಗಿದರು.

"ಒಪ್ಪದಿದ್ದರೆ?" ಎಂದರು ಮೇಡಂ.

"ಒಪ್ಪದಿದ್ರೆ ಚೌಕ ಎಳೀತೀನಿ. ಚೆನ್ನಾಗೇ ಎಳೀತೀನಿ. ಸಾಲಿನ ನಿಯಮ ಮಾತ್ರ ಬೇರೆ ಯಾರಾದ್ರೂ ಬರೀಲಿ."

ತುವೊ ಕಣ್ಣು ಮುಚ್ಚಿಕೊಂಡ. ಆಗ ಪರದೆಯಲ್ಲಿ ತಾಂಗ್ ಮೇಡಂ ನಕ್ಕರು. ಈ ಸಲ ತುಟಿಯ ಎರಡೂ ಮೂಲೆಗಳು ಎದ್ದವು.

"ನಮ್ಮ ತಂದೆ ಸಂತೇಲಿ ಮೀನು ಮಾರ್ತಿದ್ದರು," ಎಂದರು. "ಚೌಕಾಸಿಗೆ ನಿಂತಾಗ ಅವರ ಕಣ್ಣು ನಿಮ್ಮ ಹಾಗೇ ಇರ್ತಿತ್ತು. ಸರಿ. ಶೆನ್‌ಗೆ ಎಷ್ಟೋ ನಿಮಗೂ ಅಷ್ಟೇ. ಮೂರು ತಿಂಗಳು ನೋಡ್ತೀನಿ. ತಪ್ಪು ನೂರಕ್ಕೆ ಮೂರು ದಾಟಿದರೆ ನಾನೇ ಫೋನ್ ಮಾಡ್ತೀನಿ."

"ದಾಟಲ್ಲ ಮೇಡಂ. ಮೂರು ತಿಂಗಳಾದ ಮೇಲೆ ಎರಡನೇ ಕುರ್ಚಿ ಕೇಳೋಕೆ ನಾನೇ ಫೋನ್ ಮಾಡ್ತೀನಿ."

ಫೋನು ಇಟ್ಟ ಮೇಲೆ ತುವೊ ಬಾಟಲಿಯಲ್ಲಿದ್ದ ಟೀಯನ್ನೆಲ್ಲ ಒಂದೇ ಗುಟುಕಿಗೆ ಕುಡಿದ. "ನನ್ನ ಕಾಲು ನೋಯ್ತಿದೆ," ಎಂದ.

"ತುಳಿದೋರು ನೀವು, ನೋಯ್ಬೇಕಾದ್ದು ನಂಗೆ!"

"ನೀನು ಎಳ್ಕೊಂಡೆಯಲ್ಲ, ನನ್ನದು ಮೇಜಿನ ಕಾಲಿಗೆ ಹೊಡೀತು."

ಸೋಮವಾರದಿಂದ ರುಯ್‌ಲಾನ್ ಕಿಟಕಿಯ ಪಕ್ಕದ ಮೇಜಿಗೆ ಹೋದಳು. ಮೇಜು ಹಳೆಯದೇ, ಮೂಲೆಯಲ್ಲಿ ಯಾವುದೋ ವಿದ್ಯಾರ್ಥಿ ಕೆತ್ತಿದ ಹೆಸರು ಇನ್ನೂ ಇತ್ತು. ಚಿತ್ರಗಳು ಈಗ ಈ ಊರಿಂದಷ್ಟೇ ಅಲ್ಲ, ಬೇರೆ ಕಡೆಗಳಿಂದಲೂ ಅವಳ ಮುಂದೆ ಬಂದು ನಿಲ್ಲತೊಡಗಿದವು. ಮೊದಲ ದಿನವೇ ಗುಯ್‌ಹುವಾಳ ಹದಿನಾಲ್ಕು ಚೌಕ ವಾಪಸು ಕಳಿಸಿದಳು. ಗುಯ್‌ಹುವಾ ಕೂತಲ್ಲಿಂದಲೇ, "ಸಂಬಂಧ ಅನ್ನೋದೇ ಉಳೀಲಿಲ್ಲ ಈ ಕಾಲ್ದಲ್ಲಿ," ಎಂದು ಎಲ್ಲರಿಗೂ ಕೇಳುವಂತೆ ಹೇಳಿ, ಹದಿನಾಲ್ಕನ್ನೂ ತಿದ್ದಿ ಕಳಿಸಿದಳು.

ಬುಧವಾರ ಹತ್ತು ಗಂಟೆಗೆ ಪರದೆಯ ಮೂಲೆಯಲ್ಲಿ ಒಂದು ಪ್ರಶ್ನೆ ಮಿನುಗಿತು. ವೂಹಾನ್ ನಗರದಿಂದ, ಹೊಸದಾಗಿ ಸೇರಿದ ಯಾರೋ. ‘ನವಣೆಯ ಸಸಿ ಯಾವುದು, ಅದರ ಜೊತೆ ಏಳುವ ಹುಲ್ಲು ಯಾವುದು ಎಂದು ಗೊತ್ತಾಗುತ್ತಿಲ್ಲ. ಎರಡೂ ಒಂದೇ ಥರ ಇವೆ. ಹೇಗೆ ಗುರುತಿಸುವುದು?’

ರುಯ್‌ಲಾನ್ ಉತ್ತರ ಟೈಪ್ ಮಾಡಲು ಹೊರಟು ಅರ್ಧಕ್ಕೆ ನಿಲ್ಲಿಸಿದಳು. ಬರೆದರೆ ತಿಳಿಯುವ ವಿಷಯವಲ್ಲ ಇದು. ಫೋನು ತೆಗೆದುಕೊಂಡು ಎದ್ದಳು.

"ಎಲ್ಲಿಗೇ, ಕೆಲಸದ ಹೊತ್ತಲ್ಲಿ?" ಎಂದಳು ಗುಯ್‌ಹುವಾ.

"ಹಿಂದ್ಗಡೆ ಹೊಲಕ್ಕೆ. ಬುಡ ತೋರ್ಸ್ಬೇಕು ಒಬ್ರಿಗೆ."

"ದೊಡ್ಡ ಸಂಬಳ ಬಂದ ಮೇಲೆ ಎಲ್ಲಾರೂ ಹೊಲ ಬಿಟ್ಟು ಹೋಗ್ತಾರೆ. ಹೊಲಕ್ಕೆ ಓಡೋಳನ್ನ ಇದೇ ಮೊದಲು ನೋಡ್ತಿರೋದು!"

ಶಾಲೆಯ ಹಿಂದಿನ ಗೋಡೆ ಒಂದು ಕಡೆ ಕುಸಿದಿತ್ತು. ಅದನ್ನು ದಾಟಿದರೆ ಗುಡ್ಡದ ಮೊದಲ ಮೆಟ್ಟಿಲ ಹೊಲ, ನವಣೆ ಬೆರಳುದ್ದ ಎದ್ದು ನಿಂತಿತ್ತು. ರುಯ್‌ಲಾನ್ ಮಂಡಿಯೂರಿ ಸಾಲನ್ನು ಬೆರಳಲ್ಲಿ ತಡವುತ್ತಾ ಹೋದಳು. ಒಂದು ಕಡೆ ಎರಡು ಸಸಿ ಅಕ್ಕಪಕ್ಕ ಸಿಕ್ಕಿದವು. ಬುಡದ ಮಣ್ಣು ಬಿಡಿಸಿದಳು. ಒಂದರ ಬುಡ ಹಸಿರು, ಅದು ನವಣೆ; ಇನ್ನೊಂದರದು ನೇರಳೆಗೆಂಪು, ಅದು ಹುಲ್ಲು. ಫೋನು ಹಿಡಿದಾಗ ಅವಳ ನೆರಳೇ ಎರಡರ ಮೇಲೂ ಬಿತ್ತು. ಎದ್ದು, ಸಾಲು ತುಳಿಯದ ಹಾಗೆ ಸುತ್ತಿ ಆ ಕಡೆಗೆ ಹೋಗಿ, ಬಿಸಿಲು ಬುಡಕ್ಕೆ ಬೀಳುವಂತೆ ಕೂತು ಚಿತ್ರ ತೆಗೆದಳು.